ಎಫ್‌ಎಂ ರಿಸೀವರ್ ಡ್ರೈವರ್‌ನ ಕಂಟ್ರೋಲ್‌ಗಳನ್ನು ದಾಖಲಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎಫ್‌ಎಂ ರೇಡಿಯೋ ಚಿಪ್‌ಗೆ ಲಿನಕ್ಸ್ ಡ್ರೈವರ್ ಬರೆಯುವವರಲ್ಲಿ ಹೆಚ್ಚಿನವರು ಕೋಡ್ ಮುಗಿದ ಸಂಜೆಯೇ ದಾಖಲೆಯನ್ನೂ ಮುಗಿಸಿ ಕೈತೊಳೆದುಕೊಳ್ಳುತ್ತಾರೆ. ಕಂಟ್ರೋಲ್‌ನ (ಆ್ಯಪ್ ಓದಬಹುದಾದ ಅಥವಾ ಬದಲಿಸಬಹುದಾದ ಒಂದು ಸೆಟ್ಟಿಂಗ್‌ನ) ಹೆಸರು, ಅದರ ಮುಂದೆ ಅದೇ ಹೆಸರನ್ನು ಬಿಡಿಸಿ ಬರೆದ ಒಂದು ವಾಕ್ಯ. ‘ಆರ್‌ಡಿಎಸ್ ರೇಡಿಯೋ ಟೆಕ್ಸ್ಟ್: ಆರ್‌ಡಿಎಸ್‌ನ ರೇಡಿಯೋ ಟೆಕ್ಸ್ಟ್ ಕೊಡುತ್ತದೆ.’ (ಆರ್‌ಡಿಎಸ್ ಎಂದರೆ ಎಫ್‌ಎಂ ಪ್ರಸಾರದ ಜೊತೆಗೇ ಬರುವ ಸ್ಟೇಶನ್ ಹೆಸರು, ಪಠ್ಯ ಮುಂತಾದ ಮಾಹಿತಿ.) ಇದನ್ನು ನೆಚ್ಚಿಕೊಂಡು ಆ್ಯಪ್ ಬರೆಯಲು ಹೊರಟವರಿಗೆ ಏನೂ ದಕ್ಕುವುದಿಲ್ಲ. ಅವರ ಪ್ರಶ್ನೆಗಳೇ ಬೇರೆ. ಈ ಮೌಲ್ಯ ಯಾವಾಗಿನಿಂದ ನಿಜ? ಯಾವಾಗ ಹಳಸುತ್ತದೆ? ಯಾರು ಬದಲಿಸಬಹುದು? ತಪ್ಪು ಮೌಲ್ಯ ಕೊಟ್ಟರೆ ಡ್ರೈವರ್ ಸುಮ್ಮನಿರುತ್ತದೋ, ಬೈಯುತ್ತದೋ? ಈ ನಾಲ್ಕಕ್ಕೆ ಉತ್ತರ ಬರೆಯುವುದೇ ಕಂಟ್ರೋಲ್ ದಾಖಲಿಸುವ ಕೆಲಸ. ಹೆಸರು ಹೇಗೂ ಹೆಡರ್ ಫೈಲಿನಲ್ಲಿ ಇದೆ.

ಇಲ್ಲಿ ಹೇಳುತ್ತಿರುವುದು ಲಿನಕ್ಸ್‌ನ ವಿ4ಎಲ್2 ಇಂಟರ್‌ಫೇಸ್ (ವಿಡಿಯೋ, ರೇಡಿಯೋ ಉಪಕರಣಗಳೊಂದಿಗೆ ಆ್ಯಪ್ ಮಾತಾಡುವ ದಾರಿ) ಬಗ್ಗೆ. ಕಂಟ್ರೋಲ್, ಫ್ಲ್ಯಾಗ್, ಎರರ್ ಕೋಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಕೋಡ್‌ನಲ್ಲಿ ಅದೇ ಉಚ್ಚಾರದ ಹೆಸರು ಹುಡುಕಿಕೊಳ್ಳಿ. ಕರ್ನಲ್‌ಗೆ ಕಳಿಸುವ ಕಡತ ಇಂಗ್ಲಿಷಿನಲ್ಲೇ ಇರಬೇಕು, ಆದರೆ ಅದರ ತಿರುಳನ್ನು ಮೊದಲು ಯಾವ ಭಾಷೆಯಲ್ಲಿ ಯೋಚಿಸಿದರೂ ಅಡ್ಡಿಯಿಲ್ಲ.

ಹಂತ 1: ಯಾವುದು ಕಂಟ್ರೋಲ್, ಯಾವುದು ಅಲ್ಲ

ಪೆನ್ನು ಹಿಡಿಯುವ ಮೊದಲು ಚಿಪ್‌ನ ಡೇಟಾಶೀಟ್‌ನಲ್ಲಿ ಬಳಕೆದಾರ ತಿರುಗಿಸಬಹುದಾದ ಗುಂಡಿಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಅದರ ಮನೆಗೆ ಸೇರಿಸಿ. ಹೊಸಬರು ಮೊದಲು ಎಡವುವುದು ಇಲ್ಲೇ. ಫ್ರೀಕ್ವೆನ್ಸಿ, ಸಿಗ್ನಲ್ ಬಲ, ಸ್ಟೀರಿಯೋ-ಮೋನೋ ಇವು ಕಂಟ್ರೋಲ್‌ಗಳೇ ಅಲ್ಲ; ಅವು ಟ್ಯೂನರ್‌ಗೆ ಸಂಬಂಧಿಸಿದ ಐಒಸಿಟಿಎಲ್‌ಗಳ (ಆ್ಯಪ್ ಡ್ರೈವರ್‌ಗೆ ಕಳಿಸುವ ಆಜ್ಞೆಗಳ) ಪಾಲು. ಫ್ರೀಕ್ವೆನ್ಸಿಗೆ ಎಸ್-ಫ್ರೀಕ್ವೆನ್ಸಿ, ಸ್ಥಿತಿಗತಿಗೆ ಜಿ-ಟ್ಯೂನರ್, ಸ್ಟೇಶನ್ ಹುಡುಕಲು ಎಸ್-ಎಚ್‌ಡಬ್ಲ್ಯೂ-ಫ್ರೀಕ್-ಸೀಕ್. ಮ್ಯೂಟ್ ಮತ್ತು ವಾಲ್ಯೂಮ್ ಕಂಟ್ರೋಲ್‌ಗಳೇ ಹೌದು, ಆದರೆ ಅವು ಎಲ್ಲ ಉಪಕರಣಗಳಿಗೂ ಸಾಮಾನ್ಯವಾದ ಯೂಸರ್ ವರ್ಗಕ್ಕೆ ಸೇರಿದವು.

ಇವನ್ನೆಲ್ಲ ಬದಿಗಿಟ್ಟ ಮೇಲೆ ಎಫ್‌ಎಂ-ಆರ್‌ಎಕ್ಸ್ (ಎಫ್‌ಎಂ ರಿಸೀವರ್) ವರ್ಗದಲ್ಲಿ ಉಳಿಯುವುದು ಎಂಟು. ವರ್ಗದ ಮೂಲಸಂಖ್ಯೆಗೆ 1ರಿಂದ 8ರವರೆಗೆ ಕೂಡಿಸುತ್ತ ಹೋದರೆ ಹೆಡರ್‌ನಲ್ಲಿ ಇದೇ ಕ್ರಮ ಸಿಗುತ್ತದೆ:

1. ಟ್ಯೂನ್ ಡಿಎಂಫಸಿಸ್ (ಮೆನು)
2. ಆರ್‌ಡಿಎಸ್ ರಿಸೆಪ್ಶನ್ (ಬೂಲಿಯನ್)
3. ಆರ್‌ಡಿಎಸ್ ಆರ್‌ಎಕ್ಸ್ ಪಿಟಿವೈ (ಪೂರ್ಣಾಂಕ)
4. ಆರ್‌ಡಿಎಸ್ ಆರ್‌ಎಕ್ಸ್ ಪಿಎಸ್ ನೇಮ್ (ಸ್ಟ್ರಿಂಗ್)
5. ಆರ್‌ಡಿಎಸ್ ಆರ್‌ಎಕ್ಸ್ ರೇಡಿಯೋ ಟೆಕ್ಸ್ಟ್ (ಸ್ಟ್ರಿಂಗ್)
6. ಆರ್‌ಡಿಎಸ್ ಆರ್‌ಎಕ್ಸ್ ಟ್ರಾಫಿಕ್ ಅನೌನ್ಸ್‌ಮೆಂಟ್ (ಬೂಲಿಯನ್)
7. ಆರ್‌ಡಿಎಸ್ ಆರ್‌ಎಕ್ಸ್ ಟ್ರಾಫಿಕ್ ಪ್ರೋಗ್ರಾಂ (ಬೂಲಿಯನ್)
8. ಆರ್‌ಡಿಎಸ್ ಆರ್‌ಎಕ್ಸ್ ಮ್ಯೂಸಿಕ್ ಸ್ಪೀಚ್ (ಬೂಲಿಯನ್)

ಮೊದಲ ಎರಡನ್ನು ಬಳಕೆದಾರ ಬರೆಯಬಹುದು. ಉಳಿದ ಆರು ಓದಲು ಮಾತ್ರ, ಅವುಗಳ ಮೌಲ್ಯ ಬರುವುದು ಗಾಳಿಯಿಂದ. ದಾಖಲೆಯಲ್ಲಿ ಈ ಗೆರೆ ಎಷ್ಟು ದಪ್ಪಗಿದ್ದರೂ ಅತಿಯಾಗದು. ಟ್ರಾನ್ಸ್‌ಮಿಟರ್ ವರ್ಗದಲ್ಲೂ ಪಿಎಸ್ ನೇಮ್, ರೇಡಿಯೋ ಟೆಕ್ಸ್ಟ್ ಎಂಬ ಹೆಸರುಗಳಿವೆ, ಅಲ್ಲಿ ಅವನ್ನು ಬರೆಯಬಹುದು. ಆರ್‌ಎಕ್ಸ್, ಟಿಎಕ್ಸ್ ಅದಲುಬದಲಾದ ಕಾಪಿ-ಪೇಸ್ಟ್ ದಾಖಲೆಗಳು ಬರುವುದು ಈ ಹೆಸರಿನ ಹೋಲಿಕೆಯಿಂದಲೇ.

ಪಟ್ಟಿಯ ಯಾವ ಮನೆಗೂ ಸೇರದ ಗುಂಡಿ ಚಿಪ್‌ನಲ್ಲಿದ್ದರೆ (ಸೀಕ್ ಮಾಡುವಾಗ ಬಳಸುವ ಆರ್‌ಎಸ್‌ಎಸ್‌ಐ ಅಂದರೆ ಸಿಗ್ನಲ್ ಬಲದ ಮಿತಿ, ಎಸ್‌ಎನ್‌ಆರ್ ಅಂದರೆ ಸಿಗ್ನಲ್-ಗದ್ದಲ ಅನುಪಾತದ ಮಿತಿ ಇಂಥವು) ಅದು ಡ್ರೈವರ್‌ನ ಖಾಸಗಿ ಕಂಟ್ರೋಲ್ ಆಗುತ್ತದೆ. ಸಿಲಿಕಾನ್ ಲ್ಯಾಬ್ಸ್‌ನ ಎಸ್‌ಐ476ಎಕ್ಸ್ ಡ್ರೈವರ್‌ನಲ್ಲಿ ಹೀಗೇ ಮಾಡಿದ್ದಾರೆ. ಖಾಸಗಿ ಕಂಟ್ರೋಲ್‌ಗೆ ಹೆಡರ್‌ನಲ್ಲಿ ಪ್ರತ್ಯೇಕ ಸಂಖ್ಯಾಶ್ರೇಣಿ ಕಾಯ್ದಿರಿಸಿ, ದಾಖಲೆಯನ್ನು ಸಾಮಾನ್ಯ ವರ್ಗದ ಪುಟಕ್ಕೆ ಸೇರಿಸದೆ ಆ ಡ್ರೈವರ್‌ನ ಪುಟದಲ್ಲೇ ಇಡಿ.

ಹಂತ 2: ಪ್ರತಿ ಕಂಟ್ರೋಲ್‌ಗೂ ಒಂದು ಹಾಳೆ

ದಾಖಲೆಯ ವಾಕ್ಯ ಬರೆಯುವ ಮೊದಲು ಪ್ರತಿಯೊಂದಕ್ಕೂ ಈ ವಿವರಗಳನ್ನು ತುಂಬಿಕೊಳ್ಳಿ: ಬಗೆ, ಕನಿಷ್ಠ, ಗರಿಷ್ಠ, ಹೆಜ್ಜೆ, ಡೀಫಾಲ್ಟ್, ಮಾನ, ಫ್ಲ್ಯಾಗ್‌ಗಳು, ಚಿಪ್‌ನ ಯಾವ ರಿಜಿಸ್ಟರ್‌ನ ಯಾವ ಬಿಟ್‌ಗೆ ಹೋಗುತ್ತದೆ, ಸ್ಟೇಶನ್ ಬದಲಾದಾಗ ಏನಾಗುತ್ತದೆ, ಸಿಗ್ನಲ್ ಇಲ್ಲದಾಗ ಏನು ತೋರಿಸುತ್ತದೆ, ಬರುವ ಎರರ್‌ಗಳು. ರಿಜಿಸ್ಟರ್ ವಿವರ ಬಳಕೆದಾರರ ದಾಖಲೆಗೆ ಹೋಗುವುದಿಲ್ಲ, ಆದರೂ ಹಾಳೆಯಲ್ಲಿ ಇರಬೇಕು. ಯಾಕೆಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಕನಿಷ್ಠ-ಗರಿಷ್ಠಗಳನ್ನು ನೆನಪಿನಿಂದ ಬರೆಯಬೇಡಿ. ವಿ4ಎಲ್2-ಸಿಟಿಎಲ್ ಸಾಧನಕ್ಕೆ ರೇಡಿಯೋ ನೋಡ್ ತೋರಿಸಿ (ಸಾಮಾನ್ಯವಾಗಿ ಡೆವ್ ಡೈರೆಕ್ಟರಿಯ ರೇಡಿಯೋ0), ಕಂಟ್ರೋಲ್‌ಗಳನ್ನು ಮೆನು ಸಮೇತ ಪಟ್ಟಿ ಮಾಡುವ ಆಯ್ಕೆ ಕೊಟ್ಟು ಬಂದದ್ದನ್ನು ಹಾಗೇ ಹಾಳೆಗೆ ಅಂಟಿಸಿ. ಡ್ರೈವರ್ ಹೇಳುವುದಕ್ಕೂ ನೀವು ಅಂದುಕೊಂಡದ್ದಕ್ಕೂ ವ್ಯತ್ಯಾಸ ಕಂಡರೆ ಅದು ಬಗ್. ದಾಖಲೆ ತಿದ್ದಬೇಕೋ ಕೋಡ್ ತಿದ್ದಬೇಕೋ ಎಂದು ಆಮೇಲೆ ನಿರ್ಧರಿಸಿ.

ಹಂತ 3: ಡಿಎಂಫಸಿಸ್, ಹತ್ತಿರದಿಂದ

ಎಂಟರಲ್ಲಿ ಬಳಕೆದಾರನ ಕಿವಿಗೆ ನೇರವಾಗಿ ತಾಗುವುದು ಇದೊಂದೇ. ಪ್ರಸಾರ ಮಾಡುವ ಕಡೆ ಎತ್ತರದ ಸ್ವರಗಳನ್ನು ಬೇಕೆಂದೇ ಹಿಗ್ಗಿಸಿ ಕಳಿಸುತ್ತಾರೆ, ರಿಸೀವರ್ ಅಷ್ಟನ್ನೇ ತಗ್ಗಿಸುತ್ತದೆ. ದಾರಿಯಲ್ಲಿ ಸೇರಿಕೊಂಡ ಗೊರಗೊರ ಸದ್ದೂ ಜೊತೆಗೇ ತಗ್ಗುತ್ತದೆ. ಎಷ್ಟು ತಗ್ಗಿಸಬೇಕು ಎಂಬುದಕ್ಕೆ ಜಗತ್ತಿನಲ್ಲಿ ಎರಡು ಲೆಕ್ಕ ಇವೆ. ಅಮೆರಿಕ ಖಂಡಗಳಲ್ಲಿ ಮತ್ತು ದಕ್ಷಿಣ ಕೊರಿಯಾದಲ್ಲಿ 75 ಮೈಕ್ರೋಸೆಕೆಂಡ್, ಯುರೋಪ್ ಸೇರಿದಂತೆ ಹೆಚ್ಚಿನ ಉಳಿದ ಕಡೆ 50 ಮೈಕ್ರೋಸೆಕೆಂಡ್. ಮೊದಲನೆಯದರ ತಿರುವು ಸುಮಾರು 2122 ಹರ್ಟ್ಸ್‌ನಲ್ಲಿ, ಎರಡನೆಯದರದು ಸುಮಾರು 3183 ಹರ್ಟ್ಸ್‌ನಲ್ಲಿ.

ತಪ್ಪು ಆಯ್ಕೆಯಾದರೆ ಏನಾಗುತ್ತದೆ ಎಂದು ದಾಖಲೆಯಲ್ಲಿ ಅಂಕಿಯಲ್ಲೇ ಬರೆಯಿರಿ. 50ರ ಪ್ರಸಾರವನ್ನು 75ರಲ್ಲಿ ಕೇಳಿದರೆ 10 ಕಿಲೋಹರ್ಟ್ಸ್ ಹತ್ತಿರ ಸುಮಾರು 3.3 ಡೆಸಿಬೆಲ್ ಕಡಿಮೆಯಾಗಿ ಧ್ವನಿ ಮಂಕಾಗುತ್ತದೆ. ಉಲ್ಟಾ ಆದರೆ ಅಷ್ಟೇ ಹೆಚ್ಚಾಗಿ ‘ಸ’ಕಾರಗಳು ಕಿವಿ ಚುಚ್ಚುತ್ತವೆ. ಸ್ಟೇಶನ್ ಮಾತ್ರ ಎರಡರಲ್ಲೂ ಬರುತ್ತದೆ. ಹಾಗಾಗಿ ‘ಧ್ವನಿ ಬರುತ್ತಿದೆ, ಸರಿಯಾಗಿದೆ’ ಎಂದು ಪರೀಕ್ಷೆ ಮುಗಿಸಿದ ಡ್ರೈವರ್‌ಗಳಲ್ಲಿ ಈ ತಪ್ಪು ವರ್ಷಗಟ್ಟಲೆ ಹಾಯಾಗಿ ಅವಿತಿರುತ್ತದೆ.

ಈಗ ರಿಜಿಸ್ಟರ್ ವಿವರ ಯಾಕೆ ಬೇಕು ಎಂಬುದು. ವಿ4ಎಲ್2 ಮೆನುವಿನಲ್ಲಿ ಮೂರು ಅಂಶ: 0 ಎಂದರೆ ಆಫ್, 1 ಎಂದರೆ 50, 2 ಎಂದರೆ 75. ಎಸ್‌ಐ470ಎಕ್ಸ್ ಸರಣಿಯ ಚಿಪ್‌ಗಳಲ್ಲಿ ಇದಕ್ಕೆ ಒಂದೇ ಬಿಟ್: 0 ಎಂದರೆ 75, 1 ಎಂದರೆ 50. ಮೆನು ಮೌಲ್ಯವನ್ನು ನೇರವಾಗಿ ಬಿಟ್‌ಗೆ ಸುರಿದರೆ 1ಕ್ಕೆ 50 ಸಿಗುತ್ತದೆ, ಅದು ಕಾಕತಾಳೀಯವಾಗಿ ಸರಿ. 0ಕ್ಕೆ 75 ಸಿಗುತ್ತದೆ, ಆಫ್ ಆಗುವುದಿಲ್ಲ. 2 ಬರೆದರೆ ಅದರ ಕೆಳಬಿಟ್ 0 ಆದ್ದರಿಂದ ಮತ್ತೆ 75, ಮೇಲಿನ ಬಿಟ್ ಪಕ್ಕದ ಫೀಲ್ಡ್‌ಗೆ ಸೋರಿಹೋಗಬಹುದು. ಒಂದೇ ಬಿಟ್ ಇರುವ ಚಿಪ್‌ನಲ್ಲಿ ‘ಆಫ್’ ಎಂಬುದೇ ಇಲ್ಲವಾದ್ದರಿಂದ ಮೆನುವಿನ 0ನೇ ಅಂಶವನ್ನು ಸ್ಕಿಪ್ ಮಾಸ್ಕ್‌ನಿಂದ (ಬೇಡದ ಮೆನು ಅಂಶಗಳ ಗುರುತಿನಿಂದ) ಮರೆಮಾಡಿ, ಹಾಗೆ ಮಾಡಿರುವುದನ್ನು ದಾಖಲೆಯಲ್ಲೂ ಹೇಳಬೇಕು. ಹಾಳೆಯಲ್ಲಿ ಎರಡೂ ಕೋಷ್ಟಕಗಳನ್ನು ಅಕ್ಕಪಕ್ಕ ಬರೆದವರಿಗೆ ಇದು ತಟ್ಟನೆ ಕಣ್ಣಿಗೆ ಬೀಳುತ್ತದೆ.

ಇಷ್ಟೆಲ್ಲ ಆದ ಮೇಲೆ ದಾಖಲೆಯ ನಮೂದು ಹೀಗಿರುತ್ತದೆ:

ಟ್ಯೂನ್ ಡಿಎಂಫಸಿಸ್ (ಮೆನು). ಗ್ರಹಿಸಿದ ಧ್ವನಿಗೆ ಅನ್ವಯಿಸುವ ಡಿಎಂಫಸಿಸ್ ಕಾಲಸ್ಥಿರಾಂಕ. ಆಫ್: ಫಿಲ್ಟರ್ ಇಲ್ಲ. 50: 50 ಮೈಕ್ರೋಸೆಕೆಂಡ್. 75: 75 ಮೈಕ್ರೋಸೆಕೆಂಡ್. ಆ ಪ್ರದೇಶದ ಪ್ರಸಾರಕ್ಕೆ ಹೊಂದುವ ಮೌಲ್ಯವನ್ನು ಆ್ಯಪ್ ಆರಿಸಬೇಕು. ಡ್ರೈವರ್ ಪ್ರದೇಶವನ್ನು ತಾನಾಗಿ ಗುರುತಿಸುವುದಿಲ್ಲ. ಸ್ಟೇಶನ್ ಬದಲಿಸಿದರೂ ಮೌಲ್ಯ ಉಳಿಯುತ್ತದೆ. ಆರ್‌ಡಿಎಸ್ ಗ್ರಹಿಕೆಯ ಮೇಲೆ ಪರಿಣಾಮವಿಲ್ಲ. ಕೆಲವು ಉಪಕರಣಗಳಲ್ಲಿ ‘ಆಫ್’ ಲಭ್ಯವಿಲ್ಲ. ಮೆನು ವಿಚಾರಿಸಿ ತಿಳಿದುಕೊಳ್ಳಿ.

‘ಆರ್‌ಡಿಎಸ್ ಮೇಲೆ ಪರಿಣಾಮವಿಲ್ಲ’ ಎಂಬ ವಾಕ್ಯ ಅನಗತ್ಯ ಎನಿಸಬಹುದು. ಆರ್‌ಡಿಎಸ್ ಇರುವುದು 57 ಕಿಲೋಹರ್ಟ್ಸ್ ಉಪವಾಹಕದಲ್ಲಿ, ಅದನ್ನು ಬಿಡಿಸುವುದು ಧ್ವನಿಯ ಫಿಲ್ಟರ್‌ಗೂ ಮೊದಲೇ. ಇದು ಗೊತ್ತಿಲ್ಲದವರು ಆರ್‌ಡಿಎಸ್ ಸರಿಯಾಗಿ ಬರುತ್ತಿಲ್ಲವೆಂದು ಡಿಎಂಫಸಿಸ್ ತಿರುಗಿಸುತ್ತ ಕೂರುತ್ತಾರೆ. ಒಂದು ಸಾಲಿನಿಂದ ಅದು ತಪ್ಪುತ್ತದೆ.

ಪರೀಕ್ಷೆಗೆ ಎಫ್‌ಎಂ ಸಿಗ್ನಲ್ ಜನರೇಟರ್ ಇದ್ದರೆ ಪ್ರಿಎಂಫಸಿಸ್ (ಪ್ರಸಾರದ ಕಡೆಯ ಹಿಗ್ಗಿಸುವಿಕೆ) ಆಫ್ ಮಾಡಿ, ಒಂದೇ ಡೀವಿಯೇಶನ್‌ನಲ್ಲಿ 400 ಹರ್ಟ್ಸ್ ಮತ್ತು 10 ಕಿಲೋಹರ್ಟ್ಸ್ ಸ್ವರಗಳನ್ನು ಕೊಟ್ಟು ಧ್ವನಿಯ ಮಟ್ಟ ಅಳೆಯಿರಿ. 50 ಇದ್ದಾಗ ಎರಡರ ನಡುವಿನ ಅಂತರ ಸುಮಾರು 10.3 ಡೆಸಿಬೆಲ್, 75 ಇದ್ದಾಗ ಸುಮಾರು 13.5 ಬರಬೇಕು. ಎರಡೂ ಆಯ್ಕೆಗೆ ಒಂದೇ ಅಂತರ ಬಂದರೆ ಬರಹ ರಿಜಿಸ್ಟರ್‌ವರೆಗೆ ತಲುಪುತ್ತಿಲ್ಲ. ಅದಲುಬದಲಾಗಿ ಬಂದರೆ ಬಿಟ್‌ನ 0, 1ರ ಅರ್ಥವನ್ನು ತಿರುವುಮುರುವಾಗಿ ಹಿಡಿದಿದ್ದೀರಿ.

ಹಂತ 4: ಆರ್‌ಡಿಎಸ್ ದಾರಿ ಯಾವುದು ಎಂದು ಮೊದಲು ಹೇಳಿ

ಆರ್‌ಡಿಎಸ್ ಮಾಹಿತಿಯನ್ನು ಆ್ಯಪ್‌ಗೆ ತಲುಪಿಸಲು ಎರಡು ದಾರಿ. ಚಿಪ್ ಅಥವಾ ಡ್ರೈವರ್ ತಾನೇ ಬಿಡಿಸಿ ಕಂಟ್ರೋಲ್‌ಗಳಲ್ಲಿ ಇಡುವುದು ಒಂದು. ಕಚ್ಚಾ ಬ್ಲಾಕ್‌ಗಳನ್ನು ರೀಡ್ ಮೂಲಕ ಕೊಟ್ಟು ಬಿಡಿಸುವ ಕೆಲಸವನ್ನು ಆ್ಯಪ್‌ಗೆ ಬಿಡುವುದು ಇನ್ನೊಂದು. ಟ್ಯೂನರ್‌ನ ಸಾಮರ್ಥ್ಯದ ಫ್ಲ್ಯಾಗ್‌ಗಳಲ್ಲಿ ಮೊದಲನೆಯದಕ್ಕೆ ‘ಆರ್‌ಡಿಎಸ್ ಕಂಟ್ರೋಲ್ಸ್’, ಎರಡನೆಯದಕ್ಕೆ ‘ಆರ್‌ಡಿಎಸ್ ಬ್ಲಾಕ್ ಐಒ’ ಇರುತ್ತದೆ. ಬ್ಲಾಕ್ ಐಒ ಮಾತ್ರ ಇರುವ ಡ್ರೈವರ್‌ನ ದಾಖಲೆಯಲ್ಲಿ ಪಿಎಸ್ ನೇಮ್ ಕಂಟ್ರೋಲ್ ವಿವರಿಸಿದರೆ ಓದಿದವರು ಇಲ್ಲದ ಕಂಟ್ರೋಲ್ ಹುಡುಕಿ ಇ-ಇನ್ವಾಲ್ ಎರರ್ ತಿನ್ನುತ್ತಾರೆ.

ಬ್ಲಾಕ್ ದಾರಿ ಇದ್ದರೆ ಅದರ ರಚನೆಯನ್ನು ಬೈಟ್ ಬೈಟಾಗಿ ಬರೆಯಿರಿ. ಪ್ರತಿ ಬ್ಲಾಕ್‌ಗೆ ಮೂರು ಬೈಟ್: ಮೊದಲು ಕೆಳಬೈಟ್, ಆಮೇಲೆ ಮೇಲುಬೈಟ್, ಮೂರನೆಯದು ಬ್ಲಾಕ್‌ನ ಗುರುತು. ಗುರುತಿನ ಬೈಟ್‌ನ 0ರಿಂದ 2ನೇ ಬಿಟ್‌ಗಳಲ್ಲಿ ಬ್ಲಾಕ್ ಸಂಖ್ಯೆ (ಎ 0, ಬಿ 1, ಸಿ 2, ಡಿ 3, ಪರ್ಯಾಯ ಸಿ 4, ಅಮಾನ್ಯ 7). 3ರಿಂದ 5ನೇ ಬಿಟ್‌ಗಳನ್ನು ಬಳಸಬಾರದು. 6ನೇ ಬಿಟ್ ಇದ್ದರೆ ತಪ್ಪಿತ್ತು, ತಿದ್ದಲಾಗಿದೆ. 7ನೇ ಬಿಟ್ ಇದ್ದರೆ ತಿದ್ದಲಾಗದ ತಪ್ಪು. ಹೆಕ್ಸ್‌ನಲ್ಲಿ 34, 12, 00 ಎಂಬ ಮೂರು ಬೈಟ್ ಬಂದರೆ ಅದು ಎ ಬ್ಲಾಕ್, ಒಳಗಿರುವ ಸ್ಟೇಶನ್ ಗುರುತು ಹೆಕ್ಸ್ 1234. ಇಂಥ ಒಂದೇ ಒಂದು ಉದಾಹರಣೆ ದಾಖಲೆಯಲ್ಲಿದ್ದರೆ ಬೈಟ್ ತಿರುವುಮುರುವಾಗಿ 3412 ಓದುವ ತಪ್ಪು ಆ ಜಾಗದಲ್ಲೇ ನಿಲ್ಲುತ್ತದೆ.

ಹಂತ 5: ಗಾಳಿಯಿಂದ ಬರುವ ಆರು ಕಂಟ್ರೋಲ್‌ಗಳು

ಇಲ್ಲಿ ಕಾಲವೇ ಮುಖ್ಯ. ಆರ್‌ಡಿಎಸ್ ವೇಗ ಸೆಕೆಂಡಿಗೆ 1187.5 ಬಿಟ್. ಒಂದು ಗುಂಪಿಗೆ 26 ಬಿಟ್‌ನ ನಾಲ್ಕು ಬ್ಲಾಕ್, ಒಟ್ಟು 104 ಬಿಟ್. ಅಂದರೆ ಸೆಕೆಂಡಿಗೆ ಸುಮಾರು 11.4 ಗುಂಪು ಮಾತ್ರ. ಟ್ಯೂನ್ ಮಾಡಿದ ಕ್ಷಣವೇ ಓದಿದರೆ ಯಾವ ಕಂಟ್ರೋಲ್‌ನಲ್ಲೂ ಅರ್ಥವಿರುವ ಮೌಲ್ಯ ಇರುವುದಿಲ್ಲ. ಇದನ್ನು ದಾಖಲೆಯ ಮೊದಲ ಪ್ಯಾರಾದಲ್ಲೇ ಹೇಳಿ.

ಪಿಎಸ್ ನೇಮ್. ಸ್ಟೇಶನ್‌ನ 8 ಅಕ್ಷರದ ಹೆಸರು. 0 ಬಗೆಯ ಒಂದು ಗುಂಪಿನಲ್ಲಿ ಎರಡು ಅಕ್ಷರ ಬರುವುದರಿಂದ ಪೂರ್ತಿ ಹೆಸರಿಗೆ ಕನಿಷ್ಠ ನಾಲ್ಕು ಗುಂಪು ತಪ್ಪಿಲ್ಲದೆ ಸಿಗಬೇಕು. ದಾಖಲೆ ಉತ್ತರಿಸಬೇಕಾದ ಪ್ರಶ್ನೆ: ಎರಡು ಗುಂಪು ಬಂದಾಗ ಡ್ರೈವರ್ ಅರ್ಧ ಹೆಸರನ್ನು ತೋರಿಸುತ್ತದೋ, ಪೂರ್ತಿ ಬರುವವರೆಗೆ ಕಾಯುತ್ತದೋ? ಎರಡೂ ಸರಿ, ಹೇಳದಿರುವುದು ಮಾತ್ರ ತಪ್ಪು. ಚಿಕ್ಕ ಹೆಸರಿನ ಕೊನೆಯ ಖಾಲಿ ಜಾಗಗಳನ್ನು ಕತ್ತರಿಸುತ್ತದೋ ಇಲ್ಲವೋ ಎಂಬುದನ್ನೂ ಸೇರಿಸಿ.

ರೇಡಿಯೋ ಟೆಕ್ಸ್ಟ್. ಗರಿಷ್ಠ 64 ಅಕ್ಷರ. 2ಎ ಗುಂಪಿನಲ್ಲಿ ನಾಲ್ಕು ಅಕ್ಷರದಂತೆ 16 ತುಂಡು. 2ಬಿ ಗುಂಪು ಬಳಸುವ ಸ್ಟೇಶನ್‌ನಲ್ಲಿ ತುಂಡಿಗೆ ಎರಡೇ ಅಕ್ಷರ, ಒಟ್ಟು 32. ಐದರಲ್ಲೊಂದು ಗುಂಪನ್ನು ಇದಕ್ಕೆ ಮೀಸಲಿಟ್ಟಿರುವ ಸ್ಟೇಶನ್‌ನಲ್ಲಿ ಪೂರ್ತಿ 64 ಅಕ್ಷರ ತಲುಪಲು ಏಳು ಸೆಕೆಂಡ್ ಹಿಡಿಯುತ್ತದೆ, ಅದೂ ಒಂದು ಬ್ಲಾಕೂ ಕೆಡದಿದ್ದರೆ. ಪಠ್ಯ ಬದಲಾದಾಗ ಸ್ಟೇಶನ್ ಎ/ಬಿ ಎಂಬ ಒಂದು ಬಿಟ್ಟನ್ನು ತಿರುಗಿಸುತ್ತದೆ. ಆ ಬಿಟ್ ತಿರುಗಿದ ಕೂಡಲೇ ಹಳೆಯ ಪಠ್ಯವನ್ನು ಅಳಿಸದ ಡ್ರೈವರ್‌ನಲ್ಲಿ ಹಿಂದಿನ ಹಾಡಿನ ಬಾಲ ಹೊಸ ಹಾಡಿನ ಹೆಸರಿಗೆ ಅಂಟಿಕೊಂಡು ಬರುತ್ತದೆ. 64ಕ್ಕಿಂತ ಚಿಕ್ಕ ಪಠ್ಯ ಕ್ಯಾರೇಜ್ ರಿಟರ್ನ್ ಅಕ್ಷರದಿಂದ (ಮೌಲ್ಯ 13) ಮುಗಿಯುತ್ತದೆ. ಅದನ್ನು ಸ್ಟ್ರಿಂಗ್‌ನಲ್ಲಿ ಉಳಿಸಿದ್ದೀರೋ ತೆಗೆದಿದ್ದೀರೋ ಬರೆಯಿರಿ.

ಅಕ್ಷರಗಳ ಬಗ್ಗೆ ಒಂದು ಮಾತು. ಆರ್‌ಡಿಎಸ್‌ಗೆ ತನ್ನದೇ ಅಕ್ಷರಕೋಷ್ಟಕ ಇದೆ, ಅದು ಆಸ್ಕಿಗೆ ಹತ್ತಿರ, ಆದರೆ ಆಸ್ಕಿ ಅಲ್ಲ. ಆಸ್ಕಿಯಲ್ಲಿ ಡಾಲರ್ ಇರುವ 36ನೇ ಜಾಗದಲ್ಲಿ ಇಲ್ಲಿ ಸಾಮಾನ್ಯ ಕರೆನ್ಸಿ ಚಿಹ್ನೆ ಇದೆ. ಇಂಗ್ಲಿಷ್ ಹೆಸರಿನ ಸ್ಟೇಶನ್‌ಗಳಲ್ಲಷ್ಟೇ ಪರೀಕ್ಷಿಸಿದರೆ ಇದು ಎಂದೂ ಬಯಲಾಗುವುದಿಲ್ಲ. ಡ್ರೈವರ್ ಕಚ್ಚಾ ಬೈಟ್ ಕೊಡುತ್ತಿದ್ದರೆ ‘ಪರಿವರ್ತನೆ ಆ್ಯಪ್‌ನ ಹೊಣೆ’ ಎಂದು ಸ್ಪಷ್ಟವಾಗಿ ಹಾಕಿ.

ಪಿಟಿವೈ. ಕಾರ್ಯಕ್ರಮದ ಬಗೆ, ಐದು ಬಿಟ್, 0ರಿಂದ 31. ಸಂಖ್ಯೆ ಒಂದೇ ಆದರೂ ಅರ್ಥದ ಕೋಷ್ಟಕ ಎರಡು: ಆರ್‌ಡಿಎಸ್‌ನಲ್ಲಿ 10 ಎಂದರೆ ಪಾಪ್ ಸಂಗೀತ, ಉತ್ತರ ಅಮೆರಿಕದ ಆರ್‌ಬಿಡಿಎಸ್‌ನಲ್ಲಿ 10 ಎಂದರೆ ಕಂಟ್ರಿ. ಕಂಟ್ರೋಲ್ ಕೊಡುವುದು ಬರೀ ಸಂಖ್ಯೆ; ಯಾವ ಕೋಷ್ಟಕ ಎಂಬುದನ್ನು ಅದು ಹೇಳುವುದಿಲ್ಲ. ದಾಖಲೆಯಲ್ಲಿ ಪೂರ್ತಿ ಕೋಷ್ಟಕ ನಕಲು ಮಾಡುವ ಆಸೆಯನ್ನು ಬಿಡಿ. ಐಇಸಿ 62106 ಮಾನಕದಲ್ಲಿ ಅದು ಇದೆ, ಅದರತ್ತ ಬೆರಳು ತೋರಿಸಿದರೆ ಸಾಕು.

ಟ್ರಾಫಿಕ್‌ನ ಎರಡು ಬಿಟ್‌ಗಳನ್ನು ಬೇರೆ ಬೇರೆಯಾಗಿ ವಿವರಿಸಿದರೆ ಎರಡೂ ಅರ್ಥವಾಗುವುದಿಲ್ಲ, ಜೋಡಿಯಾಗಿಯೇ ಬರೆಯಬೇಕು. ಪ್ರೋಗ್ರಾಂ 0, ಅನೌನ್ಸ್‌ಮೆಂಟ್ 0: ಈ ಸ್ಟೇಶನ್‌ನಲ್ಲಿ ಸಂಚಾರ ಸುದ್ದಿ ಇಲ್ಲ. 1, 0: ಸುದ್ದಿ ಕೊಡುವ ಸ್ಟೇಶನ್, ಈಗ ಕೊಡುತ್ತಿಲ್ಲ. 1, 1: ಈಗ ಸುದ್ದಿ ನಡೆಯುತ್ತಿದೆ. 0, 1: ಸುದ್ದಿ ಇಲ್ಲಿಲ್ಲ, ಆದರೆ ಬೇರೆ ಸ್ಟೇಶನ್‌ಗಳ ಸುದ್ದಿಯ ಮಾಹಿತಿಯನ್ನು ಇದು ಹೊತ್ತು ತರುತ್ತದೆ. ಈ ಕೊನೆಯದನ್ನು ನಮೂದಿಸದ ದಾಖಲೆಗಳೇ ಹೆಚ್ಚು. ಪರಿಣಾಮವಾಗಿ ಆ್ಯಪ್ ಬರೀ ಅನೌನ್ಸ್‌ಮೆಂಟ್ ಬಿಟ್ ನೋಡಿ ಇಲ್ಲದ ಸುದ್ದಿಗೆ ವಾಲ್ಯೂಮ್ ಏರಿಸುತ್ತದೆ.

ಮ್ಯೂಸಿಕ್ ಸ್ಪೀಚ್ ಬಗ್ಗೆ ಒಂದೇ ಸಾಲು ಸಾಕು: 1 ಸಂಗೀತ, 0 ಮಾತು, ಈ ವ್ಯತ್ಯಾಸವನ್ನೇ ಮಾಡದ ಸ್ಟೇಶನ್‌ನಲ್ಲಿ 1.

ಇನ್ನು ಆರಕ್ಕೂ ಸಾಮಾನ್ಯವಾದದ್ದು: ಫ್ರೀಕ್ವೆನ್ಸಿ ಬದಲಾದಾಗ ಅಥವಾ ಆರ್‌ಡಿಎಸ್ ರಿಸೆಪ್ಶನ್ ಆಫ್ ಮಾಡಿದಾಗ ಮೌಲ್ಯಗಳು ಖಾಲಿಯಾಗುತ್ತವೋ ಇಲ್ಲವೋ. ಖಾಲಿ ಮಾಡದಿದ್ದರೆ ಹೊಸ ಸ್ಟೇಶನ್ ಹಳೆಯ ಸ್ಟೇಶನ್‌ನ ಹೆಸರಿನಲ್ಲಿ ಹಾಡುತ್ತಿರುತ್ತದೆ. ಮೌಲ್ಯವನ್ನು ನಂಬುವ ಮೊದಲು ಜಿ-ಟ್ಯೂನರ್‌ನ ಉಪಚಾನೆಲ್‌ಗಳಲ್ಲಿ ಆರ್‌ಡಿಎಸ್ ಬಿಟ್ ಇದೆಯೇ ನೋಡಿ ಎಂದು ಆ್ಯಪ್ ಬರೆಯುವವರಿಗೆ ತಿಳಿಸಿ.

ಹಂತ 6: ಸ್ಟ್ರಿಂಗ್, ಈವೆಂಟ್, ಎರರ್

ಸ್ಟ್ರಿಂಗ್ ಕಂಟ್ರೋಲ್‌ನ ಗರಿಷ್ಠದಲ್ಲಿ ಕೊನೆಯ ಸೊನ್ನೆಯ ಲೆಕ್ಕ ಸೇರಿಲ್ಲ, ಆ್ಯಪ್ ಕೊಡುವ ಬಫರ್‌ನ ಗಾತ್ರದಲ್ಲಿ ಸೇರಿದೆ. ಹಾಗಾಗಿ ರೇಡಿಯೋ ಟೆಕ್ಸ್ಟ್‌ನ ಗರಿಷ್ಠ 64 ಇದ್ದರೆ ಬಫರ್ 65 ಬೈಟ್. ಕಡಿಮೆ ಕೊಟ್ಟರೆ ಇ-ನೋ-ಸ್ಪೇಸ್ ಬರುತ್ತದೆ, ಬೇಕಾದ ಗಾತ್ರವನ್ನು ಕರ್ನಲ್ ಆ ಫೀಲ್ಡ್‌ನಲ್ಲೇ ತುಂಬಿ ಹಿಂದಿರುಗಿಸುತ್ತದೆ. ಓದಲು ಜಿ-ಎಕ್ಸ್ಟ್-ಸಿಟಿಆರ್‌ಎಲ್ಸ್ ಬೇಕು; ಹಳೆಯ ಸರಳ ಜಿ-ಸಿಟಿಆರ್‌ಎಲ್‌ಗೆ ಸ್ಟ್ರಿಂಗ್ ಹಿಡಿಸುವುದಿಲ್ಲ.

ಎರರ್‌ಗಳಲ್ಲಿ ಬರೆಯಲೇಬೇಕಾದವು: ಓದಲು-ಮಾತ್ರ ಕಂಟ್ರೋಲ್‌ಗೆ ಬರೆದರೆ ಇ-ಆ್ಯಕ್ಸೆಸ್, ಇಲ್ಲದ ಕಂಟ್ರೋಲ್‌ಗೆ ಇ-ಇನ್ವಾಲ್, ಮೆನು ವ್ಯಾಪ್ತಿ ಮೀರಿದರೆ ಇ-ರೇಂಜ್, ಸ್ಕಿಪ್ ಮಾಸ್ಕ್‌ನಿಂದ ಮರೆಮಾಡಿದ ಅಂಶ ಆರಿಸಿದರೆ ಇ-ಇನ್ವಾಲ್. ಪೂರ್ಣಾಂಕ ಕಂಟ್ರೋಲ್‌ನ ವ್ಯಾಪ್ತಿ ಮೀರಿದ ಮೌಲ್ಯವನ್ನು ಫ್ರೇಮ್‌ವರ್ಕ್ ಎರರ್ ಕೊಡದೆ ವ್ಯಾಪ್ತಿಯೊಳಕ್ಕೆ ಎಳೆದು ತರುತ್ತದೆ ಎಂಬುದು ಅನೇಕರಿಗೆ ಹೊಸ ಸುದ್ದಿ. ಬರೆದ ಮೇಲೆ ಮರಳಿ ಬಂದ ಮೌಲ್ಯವನ್ನು ನೋಡಿ ಎಂದು ಸೂಚಿಸಿ.

ಈವೆಂಟ್ ವಿಷಯದಲ್ಲಿ ಒಂದು ಬಲೆ ಇದೆ. ವೊಲಟೈಲ್ ಫ್ಲ್ಯಾಗ್ (ಮೌಲ್ಯ ತಾನಾಗಿ ಬದಲಾಗುತ್ತಿರುತ್ತದೆ ಎಂಬ ಗುರುತು) ಇರುವ ಕಂಟ್ರೋಲ್‌ನ ಮೌಲ್ಯ ಬದಲಾದರೆ ಈವೆಂಟ್ (ಬದಲಾಯಿತೆಂದು ಕರ್ನಲ್ ಆ್ಯಪ್‌ಗೆ ಕೊಡುವ ಸುದ್ದಿ) ಬರುವುದಿಲ್ಲ. ಆರ್‌ಡಿಎಸ್ ಕಂಟ್ರೋಲ್‌ಗಳನ್ನು ಹಾಗೆ ಗುರುತಿಸಿದ ಡ್ರೈವರ್‌ನಲ್ಲಿ ಆ್ಯಪ್ ಈವೆಂಟ್‌ಗಾಗಿ ಕಾದು ಕೂತರೆ ಬೆಳಗಾದರೂ ಏನೂ ಬರದು; ಆಗಾಗ ಓದುತ್ತಿರಬೇಕು. ಡ್ರೈವರ್ ತಾನೇ ಮೌಲ್ಯ ಬಂದಾಗಲೆಲ್ಲ ಕಂಟ್ರೋಲ್‌ಗೆ ತುಂಬುತ್ತಿದ್ದರೆ ಈವೆಂಟ್ ಬರುತ್ತದೆ. ನಿಮ್ಮದು ಯಾವ ಬಗೆ ಎಂದು ದಾಖಲೆಯೇ ಹೇಳಬೇಕು. ಹಾಗೆಯೇ, ಬದಲಾವಣೆ ಮಾಡಿದ ಫೈಲ್ ಹ್ಯಾಂಡಲ್‌ಗೆ ಅದರ ಈವೆಂಟ್ ಮರಳಿ ಬರಬೇಕಾದರೆ ಚಂದಾ ಹಾಕುವಾಗ ಅಲೌ-ಫೀಡ್‌ಬ್ಯಾಕ್ ಫ್ಲ್ಯಾಗ್ ಕೊಡಬೇಕು.

ಹಂತ 7: ಕಂಟ್ರೋಲ್ ಅಲ್ಲದಿದ್ದರೂ ಬಿಡಬಾರದ ಎರಡು ಅಂಕಿ

ಫ್ರೀಕ್ವೆನ್ಸಿಯ ಮಾನ. ಟ್ಯೂನರ್‌ನಲ್ಲಿ ‘ಲೋ’ ಸಾಮರ್ಥ್ಯ ಇದ್ದರೆ ಮಾನ 62.5 ಹರ್ಟ್ಸ್, ಇಲ್ಲದಿದ್ದರೆ 62.5 ಕಿಲೋಹರ್ಟ್ಸ್, ‘1 ಹರ್ಟ್ಸ್’ ಸಾಮರ್ಥ್ಯ ಇದ್ದರೆ 1 ಹರ್ಟ್ಸ್. 98.3 ಮೆಗಾಹರ್ಟ್ಸ್ ಅನ್ನು 62.5 ಕಿಲೋಹರ್ಟ್ಸ್ ಮಾನದಲ್ಲಿ ಬರೆಯಹೊರಟರೆ 1572.8 ಬರುತ್ತದೆ, 1573ಕ್ಕೆ ಏರಿಸಿದರೆ ನಿಜವಾಗಿ ಟ್ಯೂನ್ ಆಗುವುದು 98.3125. ‘ಲೋ’ ಮಾನದಲ್ಲಿ ಅದೇ 15,72,800, ನಿಖರ. ಇಂಥ ಒಂದು ಲೆಕ್ಕ ಮಾಡಿ ತೋರಿಸಿ.

ಸಿಗ್ನಲ್ ಬಲ 0ರಿಂದ 65535. ಚಿಪ್‌ನ ಅಳತೆಯನ್ನು ಈ ವ್ಯಾಪ್ತಿಗೆ ಹೇಗೆ ಹಿಗ್ಗಿಸಿದ್ದೀರಿ ಎಂದು ಬರೆಯದಿದ್ದರೆ ಈ ಅಂಕಿಗೆ ಬೆಲೆಯಿಲ್ಲ. ಎಸ್‌ಐ470ಎಕ್ಸ್ ಡ್ರೈವರ್‌ನಲ್ಲಿ 75 ಅನ್ನು ಗರಿಷ್ಠ ಎಂದು ಹಿಡಿದು ಸುಮಾರು 873.8ರಿಂದ ಗುಣಿಸುತ್ತಾರೆ; ಹಾಗಾಗಿ ಅರ್ಧ ಕಡ್ಡಿ ತೋರಿಸಿದರೆ ಸುಮಾರು 37 ಡಿಬಿ-ಮೈಕ್ರೋವೋಲ್ಟ್.

ಹಂತ 8: ಚಿಪ್ ಇಲ್ಲದೆ ಪರೀಕ್ಷೆ

ದಾಖಲೆಯ ಒಂದೊಂದು ವಾಕ್ಯವನ್ನೂ ಓಡಿಸಿ ನೋಡಲು ವಿವಿಡ್ ಎಂಬ ತೋರಿಕೆಯ ಡ್ರೈವರ್ ಕರ್ನಲ್‌ನಲ್ಲೇ ಇದೆ. ಮಾಡ್ಯೂಲ್ ಲೋಡ್ ಮಾಡಿದರೆ 64ರಿಂದ 108 ಮೆಗಾಹರ್ಟ್ಸ್ ವ್ಯಾಪ್ತಿಯ ಎಫ್‌ಎಂ ರಿಸೀವರ್ ಹುಟ್ಟುತ್ತದೆ, ಪ್ರತಿ 1 ಮೆಗಾಹರ್ಟ್ಸ್‌ಗೆ ಒಂದು ಸ್ಟೇಶನ್, ಆರಂಭ 95ರಲ್ಲಿ. ‘ಆರ್‌ಡಿಎಸ್ ಆರ್‌ಎಕ್ಸ್ ಐಒ ಮೋಡ್’ ಎಂಬ ಕಂಟ್ರೋಲ್‌ನಿಂದ ಬ್ಲಾಕ್ ದಾರಿ, ಕಂಟ್ರೋಲ್ ದಾರಿ ಎರಡನ್ನೂ ಬದಲಿಸಿ ನೋಡಬಹುದು. ಆರ್‌ಬಿಡಿಎಸ್ ಹುಟ್ಟಿಸುವ ಸ್ವಿಚ್ ಹಾಕಿದರೆ ಸ್ಟೇಶನ್ ಗುರುತು ಮತ್ತು ಪಿಟಿವೈ ಸಂಖ್ಯೆ ಮಾತ್ರ ಬದಲಾಗುತ್ತವೆ. ನಿಮ್ಮ ಎರಡು ಕೋಷ್ಟಕದ ಎಚ್ಚರಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ವಿವಿಡ್‌ನಲ್ಲಿ ಆರ್‌ಡಿಎಸ್ ಕಂಟ್ರೋಲ್‌ಗಳು ಹೊಸದಾಗುವುದು ಫ್ರೀಕ್ವೆನ್ಸಿ ಬದಲಾದಾಗ ಅಥವಾ ಟ್ಯೂನರ್ ಸ್ಥಿತಿ ಕೇಳಿದಾಗ ಮಾತ್ರ ಎಂಬುದು ನೆನಪಿರಲಿ, ಇಲ್ಲದಿದ್ದರೆ ಹಳೆಯ ಮೌಲ್ಯ ನೋಡಿ ಬಗ್ ಎಂದು ಬೆಚ್ಚುತ್ತೀರಿ.

ಕೆಟ್ಟ ಸಿಗ್ನಲ್ ಬೇಕಾದರೆ ಸ್ಟೇಶನ್‌ನಿಂದ ಸ್ವಲ್ಪ ಪಕ್ಕಕ್ಕೆ ಟ್ಯೂನ್ ಮಾಡಿ. 12.5 ಕಿಲೋಹರ್ಟ್ಸ್ ದೂರಕ್ಕೆ ಹೋಗುವಷ್ಟರಲ್ಲಿ ಅರ್ಧದಷ್ಟು ಬ್ಲಾಕ್‌ಗಳಲ್ಲಿ ತಪ್ಪು ತುಂಬುತ್ತದೆ: ತಿದ್ದಿದವು, ತಿದ್ದಲಾಗದವು, ಅಮಾನ್ಯ, ಕಾಣೆಯಾದವು ನಾಲ್ಕೂ ಸಮಪಾಲಿನಲ್ಲಿ. ಗುರುತಿನ ಬೈಟ್ ಬಗ್ಗೆ ನೀವು ಬರೆದದ್ದನ್ನೆಲ್ಲ ಇಲ್ಲಿ ಒರೆಗೆ ಹಚ್ಚಿ. ಕಚ್ಚಾ ಬ್ಲಾಕ್‌ಗಳನ್ನು ಬಿಡಿಸಿ ತೋರಿಸಲು ಆರ್‌ಡಿಎಸ್-ಸಿಟಿಎಲ್ ಸಾಧನ ಇದೆ.

ಹಂತ 9: ಕಡತ ಸೇರಿಸಿ ಕಳಿಸುವುದು

ಎಫ್‌ಎಂ ರಿಸೀವರ್ ಕಂಟ್ರೋಲ್‌ಗಳ ಪುಟ ಇರುವುದು ಕರ್ನಲ್ ಮೂಲದ ಡಾಕ್ಯುಮೆಂಟೇಶನ್ ಡೈರೆಕ್ಟರಿಯೊಳಗೆ ಯೂಸರ್‌ಸ್ಪೇಸ್-ಎಪಿಐ, ಅದರೊಳಗೆ ಮೀಡಿಯಾ, ವಿ4ಎಲ್. ಹಿಂದೆ ಇದೆಲ್ಲ ಡಾಕ್‌ಬುಕ್ ಎಕ್ಸ್‌ಎಂಎಲ್‌ನಲ್ಲಿತ್ತು, 2016ರಲ್ಲಿ ಸ್ಫಿಂಕ್ಸ್ ಎಂಬ ದಾಖಲೆ ಸಾಧನಕ್ಕೆ ಬಂತು. ಆದ್ದರಿಂದ ಹಳೆಯ ಪ್ಯಾಚ್ ನೋಡಿ ಟ್ಯಾಗ್ ನಕಲು ಮಾಡಬೇಡಿ. ನಮೂದು ಬರೆಯುವ ರೀತಿ ಸರಳ: ಜೋಡಿ ಬ್ಯಾಕ್‌ಟಿಕ್ ನಡುವೆ ಕಂಟ್ರೋಲ್‌ನ ಹೆಸರು, ಆವರಣದಲ್ಲಿ ಬಗೆ, ಕೆಳಗಿನ ಸಾಲಿನಲ್ಲಿ ಒಳಸರಿಸಿ ವಿವರಣೆ. ಮೆನು ಅಂಶಗಳಿಗೆ ಫ್ಲ್ಯಾಟ್-ಟೇಬಲ್. ಒಳಸರಿತ ಒಂದು ಜಾಗ ತಪ್ಪಿದರೂ ಕೋಷ್ಟಕ ಮುರಿದುಬೀಳುತ್ತದೆ, ಎಷ್ಟೋ ಸಲ ಎಚ್ಚರಿಕೆ ಕೊಡದೆ ವಿವರಣೆ ಬೇರೆ ನಮೂದಿಗೆ ಅಂಟಿಕೊಳ್ಳುತ್ತದೆ. ಎಚ್‌ಟಿಎಂಎಲ್‌ಡಾಕ್ಸ್ ಗುರಿಯಿಟ್ಟು ಮೇಕ್ ಓಡಿಸಿ (ಸ್ಫಿಂಕ್ಸ್‌ಡಿರ್ಸ್ ಚರದಲ್ಲಿ ಯೂಸರ್‌ಸ್ಪೇಸ್-ಎಪಿಐ ಮೀಡಿಯಾ ಡೈರೆಕ್ಟರಿ ಮಾತ್ರ ಕೊಟ್ಟರೆ ಬೇಗ ಮುಗಿಯುತ್ತದೆ), ಬಂದ ಪುಟವನ್ನು ಬ್ರೌಸರ್‌ನಲ್ಲಿ ಕಣ್ಣಾರೆ ನೋಡಿ.

ಹೊಸ ಕಂಟ್ರೋಲ್ ಸೇರಿಸುವ ಸರಣಿಯಾದರೆ ಹೆಡರ್ ಮತ್ತು ಫ್ರೇಮ್‌ವರ್ಕ್ ಮೊದಲ ಪ್ಯಾಚ್, ದಾಖಲೆ ಎರಡನೆಯದು, ಅದನ್ನು ಬಳಸುವ ಡ್ರೈವರ್ ಮೂರನೆಯದು. ದಾಖಲೆಯನ್ನು ‘ಆಮೇಲೆ ಕಳಿಸುತ್ತೇನೆ’ ಎಂದರೆ ಇಡೀ ಸರಣಿ ವಾಪಸ್ ಬರುತ್ತದೆ: ಒಮ್ಮೆ ಹೊರಬಿದ್ದ ಯೂಸರ್‌ಸ್ಪೇಸ್ ಇಂಟರ್‌ಫೇಸ್ ಬದಲಿಸಲಾಗದು, ಪರಿಶೀಲಕರು ಅದರ ಅರ್ಥವನ್ನು ಅಳೆಯುವುದು ದಾಖಲೆಯಿಂದಲೇ. ಪ್ಯಾಚ್‌ನ ಶೈಲಿ ಪರೀಕ್ಷಿಸುವ ಚೆಕ್‌ಪ್ಯಾಚ್ ಓಡಿಸಿ, ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಹೇಳಿದ ವಿಳಾಸಗಳಿಗೆ ಸೈನ್ಡ್-ಆಫ್-ಬೈ ಸಾಲಿನೊಂದಿಗೆ ಕಳಿಸಿ. ಡ್ರೈವರ್ ಪ್ಯಾಚ್‌ನ ಮುಖಪತ್ರದಲ್ಲಿ ವಿ4ಎಲ್2-ಕಂಪ್ಲಯನ್ಸ್ ಸಾಧನದ ಫಲಿತಾಂಶ ಪೂರ್ತಿ ಅಂಟಿಸಿ. ‘ಫೇಲ್’ ಇದ್ದರೆ ಕಳಿಸುವ ಮೊದಲೇ ಸರಿಪಡಿಸಿ. ‘ವಾರ್ನ್’ ಇದ್ದರೆ ಅದು ಯಾಕೆ ಬಂದಿದೆ ಎಂದು ಅದರ ಕೆಳಗೇ ಒಂದು ಸಾಲು ಬರೆಯಿರಿ, ಇಲ್ಲವೆಂದರೆ ಮೊದಲ ಪ್ರತ್ಯುತ್ತರದಲ್ಲೇ ಅದನ್ನು ಕೇಳುತ್ತಾರೆ.